ಆ ಒಂದು ‘ವೂ’

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ತಾಲ್ಲೂಕು ಕ್ರೀಡಾಂಗಣದಲ್ಲಿದ್ದೆ. ಹೈಸ್ಕೂಲ್ ಹುಡುಗಿಯರ ಕಬಡ್ಡಿ ಸೆಮಿಫೈನಲ್ ನಡೀತಿತ್ತು. ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದೇ ಸಾಲು: ‘ಮೇಷ್ಟ್ರು ಹೋದ್ರು ಕಣ್ರೇ.’ ಯಾವ ಮೇಷ್ಟ್ರು ಅಂತ ಒಬ್ಬರೂ ಕೇಳಲಿಲ್ಲ. ಕಾಲೇಜಿನಲ್ಲಿ ಸರ್‌ಗಳು ಬೇಕಾದಷ್ಟು ಜನ ಇದ್ದರು. ಮೇಷ್ಟ್ರು ಅಂತ ನಾವು ಕರೆದದ್ದು ಜರ್ನಲಿಸಂ ಪಾಠ ಮಾಡುತ್ತಿದ್ದ ಅವರೊಬ್ಬರನ್ನೇ.

ಮ್ಯಾಗಜೀನಿಗೆ ಏನಾದರೂ ಬರೆದುಕೊಡಿ ಅಂತ ಈಗಿನ ಮೇಡಂ ಕೇಳಿದ್ದಾರೆ. ಮೂರು ವರ್ಷ ಓದಿದ್ದರಲ್ಲಿ ಸಿಲಬಸ್ ಏನಿತ್ತು ಅಂದರೆ ಹೇಳಲಾರೆ. ಆದರೆ 2008ರ ಸೆಪ್ಟೆಂಬರ್ ಕೊನೆಯ ವಾರದ ಒಂದು ಪೀರಿಯಡ್ ಮಾತ್ರ ಮಾತು ಮಾತಿಗೂ ನೆನಪಿದೆ. ಊಟದ ಬೆಲ್‌ಗೆ ಮುಂಚಿನ ಪೀರಿಯಡ್. ಮೇಷ್ಟ್ರು ಹಾಜರಿ ಕೂಡ ಕರೆಯಲಿಲ್ಲ. ಜೇಬಿನಿಂದ ಸೈಬರ್ ಸೆಂಟರಿನಲ್ಲಿ ತೆಗೆಸಿದ ಪ್ರಿಂಟ್ ಬಿಡಿಸಿದರು. ‘ಇವತ್ತು ಪಾಠ ಇಲ್ಲ. ನಮ್ಮ ಕಸುಬಿನ ಹಿರಿಯಜ್ಜಿ ಒಬ್ಬರು ತೀರಿಕೊಂಡಿದ್ದಾರೆ’ ಅಂದರು.

ಆ ಅಜ್ಜಿ ಮೇರಿ ಗಾರ್ಬರ್. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಂ ಊರಿನವರು. ಸೆಪ್ಟೆಂಬರ್ 21ರಂದು ತೀರಿಕೊಂಡಾಗ ಅವರಿಗೆ 92 ವರ್ಷ. ಮೇಷ್ಟ್ರು ಇಂಗ್ಲಿಷಿನಲ್ಲಿ ಒಂದು ಸಾಲು ಓದೋದು, ಕನ್ನಡದಲ್ಲಿ ಹತ್ತು ಸಾಲು ಹೇಳೋದು. 1940ರಲ್ಲಿ ಗಾರ್ಬರ್ ಊರಿನ ‘ಟ್ವಿನ್ ಸಿಟಿ ಸೆಂಟಿನೆಲ್’ ಪತ್ರಿಕೆಗೆ ಸೇರಿದರು. ಕೊಟ್ಟ ಕೆಲಸ ಮದುವೆ, ಪಾರ್ಟಿ, ಯಾರು ಎಂಥ ಬಟ್ಟೆ ಹಾಕಿದ್ದರು ಅನ್ನೋದು. 1944ರಲ್ಲಿ ಗಂಡಸರು ಯುದ್ಧಕ್ಕೆ ಹೋಗಿ ಕ್ರೀಡಾ ಪುಟಕ್ಕೆ ಜನ ಇಲ್ಲದಂತಾಯಿತು. ಆ ಕುರ್ಚಿಯಲ್ಲಿ ಇವರನ್ನು ಕೂರಿಸಿದರು. ಯುದ್ಧ ಮುಗಿದ ಮೇಲೆ ಎಬ್ಬಿಸಿ ಬೇರೆ ಕೆಲಸಕ್ಕೆ ಹಾಕಿದರು. 1946ರಲ್ಲಿ ಇವರು ಮತ್ತೆ ಕ್ರೀಡಾ ಪುಟಕ್ಕೇ ಬಂದರು. ಆಮೇಲೆ ಯಾರ ಕೈಲೂ ಎಬ್ಬಿಸೋಕೆ ಆಗಲಿಲ್ಲ.

ಐದಡಿ ಎತ್ತರದ ಹೆಂಗಸು. ಫುಟ್‌ಬಾಲ್ ಪಂದ್ಯಕ್ಕೆ ಹೋದರೆ ಪ್ರೆಸ್ ಬಾಕ್ಸ್ ಒಳಗೆ ಬಿಡುತ್ತಿರಲಿಲ್ಲ. ಕೋಚ್‌ಗಳ ಹೆಂಡತಿಯರು ಮಕ್ಕಳನ್ನು ಕಟ್ಟಿಕೊಂಡು ಕೂರುವ ಕಡೆ ಜಾಗ ಕೊಡುತ್ತಿದ್ದರು. ಆ ಗಲಾಟೆಯಲ್ಲೇ ಕೂತು ಬರೆಯಬೇಕು. ಇವರು ನಮ್ಮ ಪತ್ರಿಕೆಯ ವರದಿಗಾರ್ತಿ, ಹಾಗೇ ನಡೆಸಿಕೊಳ್ಳಿ ಅಂತ ಸಂಪಾದಕರು ಕಾಲೇಜುಗಳಿಗೆ ಕಾಗದ ಬರೆದ ಮೇಲೆ ಆ ಬಾಗಿಲು ತೆರೆಯಿತು. ಡ್ರೆಸ್ಸಿಂಗ್ ರೂಮಿನ ಬಾಗಿಲು ಎಷ್ಟೋ ವರ್ಷ ತೆರೆಯಲಿಲ್ಲ. ಉಳಿದ ವರದಿಗಾರರು ಒಳಗೆ ಆಟಗಾರರ ಜೊತೆ ಮಾತಾಡುವಾಗ ಇವರು ಹೊರಗೆ ಕಾಯಬೇಕಿತ್ತು. ಬೇಸ್‌ಬಾಲ್‌ನಲ್ಲಿ ಆ ಬಾಗಿಲಿಗಾಗಿ ಮೆಲಿಸಾ ಲಡ್ಕಿ ಅನ್ನೋ ವರದಿಗಾರ್ತಿ ಕೋರ್ಟಿಗೆ ಹೋಗಬೇಕಾಯಿತು. ಗೆದ್ದಿದ್ದು 1978ರಲ್ಲಿ.

ಇಷ್ಟು ಹೇಳಿ ಮೇಷ್ಟ್ರು ಕನ್ನಡಕ ತೆಗೆದರು. ‘ಇದಕ್ಕಲ್ಲಮ್ಮ ನಾನು ಇವರ ಕಥೆ ಹೇಳ್ತಿರೋದು’ ಅಂದರು. ಆಗ ಅಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ, ಬಿಳಿಯ ಮಕ್ಕಳಿಗೆ ಬೇರೆ ಶಾಲೆ. ಕಪ್ಪು ಮಕ್ಕಳ ಆಟ ನೋಡೋಕೆ ಬಿಳಿಯರ ಪತ್ರಿಕೆಯವರು ಹೋಗುತ್ತಿರಲಿಲ್ಲ. ಗಾರ್ಬರ್ ಹೋಗುತ್ತಿದ್ದರು. ಒಂದು ಸಲ ಮಕ್ಕಳು ತಾವೇ ಮಾಡಿದ ಮರದ ಗಾಡಿಗಳನ್ನು ಇಳಿಜಾರಿನಲ್ಲಿ ಓಡಿಸುವ ಪಂದ್ಯ. ಇಬ್ಬರು ಪುಟ್ಟ ಕಪ್ಪು ಹುಡುಗರು ಮಾತಾಡುತ್ತಿದ್ದದ್ದು ಇವರ ಕಿವಿಗೆ ಬಿತ್ತು. ಒಬ್ಬ ಇನ್ನೊಬ್ಬನಿಗೆ ಇವರನ್ನು ತೋರಿಸಿ ಹೇಳುತ್ತಿದ್ದ: ಆಯಮ್ಮ ಮಿಸ್ ಮೇರಿ ಗಾರ್ಬರ್. ನೀನು ಯಾರು, ಎಲ್ಲಿಯವನು ಅಂತ ನೋಡಲ್ಲ. ನೀನು ಏನಾದರೂ ಮಾಡಿದರೆ ಬರೀತಾರೆ.

ಮೇಷ್ಟ್ರ ಗಂಟಲು ಕಟ್ಟಿತು. ಅಷ್ಟರಲ್ಲಿ ಬೆಲ್ ಆಯಿತು. ನಾವು ಯಾರೂ ಡಬ್ಬಿ ತೆಗೆಯಲಿಲ್ಲ.

ಅದೇ ವರ್ಷ ನಮ್ಮ ಖೋ ಖೋ ಟೀಮು ಅಂತರ ಕಾಲೇಜು ಕಪ್ ಗೆದ್ದಿತು. ನಾನು ಟೀಮಿನಲ್ಲಿದ್ದೆ. ಫೈನಲ್‌ನ ಕೊನೆಯ ನಿಮಿಷದಲ್ಲಿ ನಮ್ಮವಳೊಬ್ಬಳು ಕಂಬ ಹಿಡಿದು ಡೈವ್ ಹೊಡೆದು ಎದುರಾಳಿಯ ಹಿಮ್ಮಡಿ ಮುಟ್ಟಿದಳು. ಅವಳ ಎರಡೂ ಮೊಣಕಾಲು ಕಿತ್ತು ಹೋಗಿ ರಕ್ತಕ್ಕೆ ಮಣ್ಣು ಮೆತ್ತಿಕೊಂಡಿತ್ತು. ಪಿ.ಟಿ. ಸರ್ ಟಿಂಚರ್ ಹಚ್ಚುವಾಗ ಅವಳು ಅಳುತ್ತಾ ನಗುತ್ತಿದ್ದಳು. ಮರುದಿನ ಕಾಲೇಜಿನ ಗೋಡೆ ಪತ್ರಿಕೆಯಲ್ಲಿ ನೋಡಿದರೆ, ಮೊದಲ ಸುತ್ತಿನಲ್ಲೇ ಸೋತು ಬಂದ ಹುಡುಗರ ಕ್ರಿಕೆಟ್ ಟೀಮಿನ ಬಗ್ಗೆ ಅರ್ಧ ಹಾಳೆ. ಕೊನೆಗೆ ಒಂದು ಸಾಲು: ‘ಮಹಿಳಾ ಖೋ ಖೋ ತಂಡವೂ ಜಯ ಗಳಿಸಿತು.’

ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಎರಡು ಡ್ರಾಯಿಂಗ್ ಶೀಟ್ ತುಂಬ ಮ್ಯಾಚಿನ ವರದಿ ಬರೆದೆ. ಗುಂಡು ಅಕ್ಷರದ ಗೆಳತಿ ಸ್ಕೆಚ್ ಪೆನ್ನಿನಲ್ಲಿ ನಕಲು ಮಾಡಿದಳು. ಬೆಳಿಗ್ಗೆ ಏಳಕ್ಕೆ, ಅಟೆಂಡರ್ ಬರುವ ಮುಂಚೆ, ನೋಟಿಸ್ ಬೋರ್ಡಿನ ಗಾಜಿನ ಬಾಗಿಲಿನ ಪುಟ್ಟ ಬೀಗಕ್ಕೆ ತಲೆಪಿನ್ ಹಾಕಿ ತೆಗೆದೆವು. ಜಾಗ ಸಾಲಲಿಲ್ಲ. ಪ್ರಾಂಶುಪಾಲರ ನುಡಿ ಇದ್ದ ಹಾಳೆ ಕಿತ್ತು ಅಲ್ಲಿ ನಮ್ಮದನ್ನು ಅಂಟಿಸಿದೆವು. ಹತ್ತು ಗಂಟೆಗೆ ಬೋರ್ಡಿನ ಮುಂದೆ ಜಾತ್ರೆ. ಹತ್ತೂವರೆಗೆ ಪ್ರಾಂಶುಪಾಲರು ಬಂದರು, ಹಿಂದೆಯೇ ಮೇಷ್ಟ್ರು.

ಮೇಷ್ಟ್ರು ಒಂದು ಮಾತೂ ಆಡದೆ ಎರಡೂ ಹಾಳೆ ಪೂರ್ತಿ ಓದಿದರು. ಕೆಂಪು ಪೆನ್ನು ತೆಗೆದು ಎರಡು ಕಾಗುಣಿತ ತಪ್ಪು ತಿದ್ದಿದರು. ಆಮೇಲೆ ಪಕ್ಕದಲ್ಲೇ ಇದ್ದ ಹಳೆಯ ಸುದ್ದಿಯ ‘ತಂಡವೂ’ ಅನ್ನೋದರಲ್ಲಿ ಆ ‘ವೂ’ಗೆ ಗಟ್ಟಿಯಾಗಿ ಸುತ್ತು ಹಾಕಿದರು. ‘ವರದಿ ಸರಿಯಿದೆ ಸರ್. ಬೀಗ ತೆಗೆದದ್ದು ತಪ್ಪು’ ಅಂದರು ಪ್ರಾಂಶುಪಾಲರಿಗೆ. ತಲಾ 50 ರೂಪಾಯಿ ದಂಡ ಬಿತ್ತು. ಸಂಜೆ ನನ್ನನ್ನು ಕರೆದು ಕೇಳಿದ್ದು ಒಂದೇ: ‘ಬೈಲೈನ್ ಯಾಕೆ ಹಾಕಿಲ್ಲ? ಬರೆದ ಮೇಲೆ ಹೆಸರು ಹಾಕ್ಬೇಕು ಮಗಾ.’

ಈ ಕೆಲಸಕ್ಕೆ ಸೇರಿ 14 ವರ್ಷ ಆಯಿತು. ಮೊದಲು ಸೇರಿದ ಪತ್ರಿಕೆಯಲ್ಲಿ, ಹುಡುಗಿಯನ್ನು ರಾತ್ರಿ ಮ್ಯಾಚಿಗೆ ಹೇಗೆ ಕಳಿಸೋದು ಅಂತ ಅಡುಗೆ, ಸೌಂದರ್ಯದ ಪುರವಣಿಗೆ ಹಾಕಿದ್ದರು. ಮೇಷ್ಟ್ರಿಗೆ ಫೋನ್ ಮಾಡಿ ಅತ್ತಿದ್ದೆ. ಅವರು ಸಮಾಧಾನ ಹೇಳಲಿಲ್ಲ. ಗಾರ್ಬರ್ ನೌಕರಿಯ ಲೆಕ್ಕ ಒಪ್ಪಿಸಿದರು. 1986ರಲ್ಲಿ ನಿವೃತ್ತಿ. ಆದರೂ 2002ರವರೆಗೂ ಬರೆಯುತ್ತಲೇ ಇದ್ದರು. ಒಳಗೆ ಸೇರಿಸಿಕೊಳ್ಳದ ಕ್ರೀಡಾ ಬರಹಗಾರರ ಸಂಘಕ್ಕೇ ಮುಂದೆ ಅಧ್ಯಕ್ಷೆಯಾದರು. 2005ರಲ್ಲಿ ಬಂದ, ಅಮೆರಿಕದ ಕ್ರೀಡಾ ಪತ್ರಕರ್ತರಿಗೆ ಕೊಡುವ ರೆಡ್ ಸ್ಮಿತ್ ಪ್ರಶಸ್ತಿ ಒಬ್ಬ ಹೆಂಗಸಿಗೆ ಸಿಕ್ಕಿದ್ದು ಅದೇ ಮೊದಲು. ‘ನಿಂಗೆ ಎಷ್ಟು ತಿಂಗಳಾಯ್ತು?’ ಅಂದರು. ಐದು ಅಂದೆ. ಫೋನ್ ಇಟ್ಟರು. ಇವತ್ತು ನಮ್ಮ ಜಿಲ್ಲೆಯಲ್ಲಿ ಕ್ರೀಡಾ ವರದಿ ಮಾಡುವ ಹೆಣ್ಣುಮಗಳು ನಾನೊಬ್ಬಳೇ. ನನ್ನ ವರದಿ ಓದಿದ ದಾನಿಗಳೊಬ್ಬರು ಒಂದು ಹಳ್ಳಿ ಶಾಲೆಗೆ ಕಬಡ್ಡಿ ಮ್ಯಾಟ್ ಕೊಡಿಸಿದರು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಹೋದ ವರ್ಷ ಕಾಲೇಜಿಗೆ ಬಂದಾಗ ಖೋ ಖೋ ಕಂಬ ಇದ್ದ ಜಾಗದಲ್ಲಿ ಬೈಕುಗಳು ನಿಂತಿದ್ದವು. ಗೋಡೆ ಪತ್ರಿಕೆ ಇಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಫೀಸಿನ ನೋಟಿಸು. ಶಾಲೆಗಳಲ್ಲೂ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುತ್ತಾರಂತೆ. ಮಾರ್ಕ್ಸ್ ಬೇಕು, ಬೇಡ ಅನ್ನಲ್ಲ. ಆದರೆ ಮೊಣಕಾಲು ಕಿತ್ತುಕೊಳ್ಳೋಕೆ ಮಕ್ಕಳಿಗೆ ಒಂದಿಷ್ಟು ಮಣ್ಣಾದರೂ ಬಿಡಬೇಕು, ಅಲ್ವಾ?

ಆ ದಿನ ಸೆಮಿಫೈನಲ್ ಬಿಟ್ಟು ಹೊರಡಲು ಎದ್ದೆ. ಗೇಟಿನ ಹತ್ತಿರ ಒಬ್ಬ ಹುಡುಗಿ ಓಡಿ ಬಂದು, ‘ಅಕ್ಕಾ, ನಮ್ದು ಬರೀತೀರಲ್ಲ?’ ಅಂದಳು. ವಾಪಸ್ ಹೋಗಿ ಕೂತೆ. ಪಂದ್ಯ ಮುಗಿದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಫೋನಿನಲ್ಲಿ ವರದಿ ಟೈಪ್ ಮಾಡಿದೆ. ಕಳಿಸುವ ಮುಂಚೆ ಇನ್ನೊಂದು ಸಲ ಓದಿದೆ. ಮೂರನೇ ಸಾಲಿನಲ್ಲಿ ಒಂದು ‘ವೂ’ ಇತ್ತು. ಅಳಿಸಿದೆ. ಆಮೇಲೆ ಮೇಷ್ಟ್ರ ಮನೆಯ ಕಡೆ ಬಸ್ ಹತ್ತಿದೆ.