1.80 ಅಂದರೆ ಗೆಲುವಲ್ಲ: ಬೆಟ್ಟಿಂಗ್ ರೇಟಿನ ಒಳಲೆಕ್ಕ

ಪಂದ್ಯದ ಹಿಂದಿನ ದಿನ ವಾಟ್ಸಾಪ್ ಗುಂಪುಗಳಲ್ಲಿ ರೇಟಿನ ಸ್ಕ್ರೀನ್‌ಶಾಟ್ ಓಡಾಡುತ್ತದೆ. ಒಂದು ತಂಡಕ್ಕೆ 1.80, ಇನ್ನೊಂದಕ್ಕೆ 2.00 ಎಂದಿಟ್ಟುಕೊಳ್ಳಿ. ಕಡಿಮೆ ರೇಟಿನ ತಂಡವೇ ಗೆಲ್ಲುತ್ತದೆ ಎಂದು ಬಹಳ ಜನ ಓದಿಕೊಳ್ಳುತ್ತಾರೆ. ಅದು ಭವಿಷ್ಯವಲ್ಲ, ಬೆಲೆ. ಲಾಭ ಸೇರಿಸಿಯೇ ಹಾಕಿದ ಬೆಲೆ.

ಬಿಡಿಸಿ ನೋಡುವುದು ಸುಲಭ. 1.80 ಎಂದರೆ 100 ರೂಪಾಯಿಗೆ 180 ವಾಪಸ್. ಅದರಲ್ಲಿ ನಮ್ಮದೇ 100 ಇದೆ, ಗಳಿಕೆ 80 ಮಾತ್ರ. ಬ್ರಿಟನ್ನಿನ ಹಳೇ ಪದ್ಧತಿಯಲ್ಲಿ ಇದನ್ನೇ 4/5 ಎಂದು ಬರೆಯುತ್ತಾರೆ. 1ನ್ನು ರೇಟಿನಿಂದ ಭಾಗಿಸಿದರೆ ಅದರೊಳಗಿನ ಸಾಧ್ಯತೆ ಸಿಗುತ್ತದೆ: 1.80ಕ್ಕೆ ಶೇ 55.56, 2.00ಕ್ಕೆ ಶೇ 50. ಕೂಡಿಸಿ, 105.56 ಆಯಿತು. ಇಬ್ಬರಲ್ಲಿ ಒಬ್ಬರು ಗೆಲ್ಲುವ ಪಂದ್ಯದಲ್ಲಿ ಮೊತ್ತ 100 ಇರಬೇಕಿತ್ತು. ಮೇಲಿನ 5.56 ಬುಕ್ಕಿಯ ಮಾರ್ಜಿನ್. ಎರಡೂ ಅಂಕಿಗಳನ್ನು 105.56ರಿಂದ ಭಾಗಿಸಿದರೆ ಶೇ 52.63 ಮತ್ತು 47.37 ಬರುತ್ತದೆ. ಇವುಗಳ ನ್ಯಾಯವಾದ ರೇಟು 1.90 ಮತ್ತು 2.11. ಕೊಡುತ್ತಿರುವುದು 1.80 ಮತ್ತು 2.00. ಯಾವ ಕಡೆ ಹಾಕಿದರೂ, ದೀರ್ಘ ಓಟದಲ್ಲಿ 100ಕ್ಕೆ ವಾಪಸಾಗುವುದು ಸುಮಾರು 94 ರೂಪಾಯಿ 74 ಪೈಸೆ.

ಮೂರು ಪಂದ್ಯ ಸೇರಿಸಿ ಒಂದೇ ಬೆಟ್ ಕಟ್ಟುವ ‘ಮಲ್ಟಿ’ಯಲ್ಲಿ ಈ ಕಡಿತ ಮೂರು ಸಲ ಗುಣಿಸಿಕೊಳ್ಳುತ್ತದೆ, 100ಕ್ಕೆ ವಾಪಸಾಗುವುದು 85 ರೂಪಾಯಿಗೆ ಇಳಿಯುತ್ತದೆ. ಐದು ಸೇರಿಸಿದರೆ 76. ದೊಡ್ಡ ಮೊತ್ತ ತೋರಿಸಿ ಮಲ್ಟಿಯನ್ನೇ ಮುಂದೆ ಮಾಡಿ ಜಾಹೀರಾತು ಹಾಕುವುದು ಇದಕ್ಕೇ.

ಇನ್ನು ಆ ಶೇಕಡಾವಾರು ಎಲ್ಲಿಂದ ಬರುತ್ತದೆ? ಫುಟ್‌ಬಾಲ್‌ನಲ್ಲಿ ಪೊಯ್ಸಾನ್ ಸೂತ್ರ, ಅಂದರೆ ಸರಾಸರಿ ಗೊತ್ತಿದ್ದರೆ ಇಷ್ಟೇ ಗೋಲು ಬರುವ ಸಾಧ್ಯತೆ ಎಷ್ಟು ಎಂದು ಹೇಳುವ ಲೆಕ್ಕ, ಹಳೆಯದು, ಈಗಲೂ ಅದೇ ಅಡಿಪಾಯ. ದಾಳಿ, ರಕ್ಷಣೆ, ತವರಿನ ಲಾಭ ಎಲ್ಲ ಲೆಕ್ಕ ಹಾಕಿ ಆತಿಥೇಯರಿಗೆ ಸರಾಸರಿ 1.6 ಗೋಲು, ಎದುರಾಳಿಗೆ 1.1 ಎಂದು ಬಂತು ಎನ್ನೋಣ. ಆಗ 0-0 ಆಗುವ ಸಾಧ್ಯತೆ ಶೇ 6.7. ಅದನ್ನು 1.6ರಿಂದಲೂ 1.1ರಿಂದಲೂ ಗುಣಿಸಿದರೆ 1-1ಕ್ಕೆ ಶೇ 11.8, ಅಂದರೆ ನ್ಯಾಯವಾದ ರೇಟು ಸುಮಾರು 8.45. ಹೀಗೆ ಒಂದೊಂದೇ ಸ್ಕೋರು ಬರೆದು, ಗೆಲುವು, ಸೋಲು, ಡ್ರಾ ಎಂದು ಗುಂಪು ಮಾಡಿ ಕೂಡಿಸುತ್ತಾರೆ. ಒಂದು ಊನವಿದೆ. ಎರಡೂ ತಂಡಗಳ ಗೋಲುಗಳಿಗೆ ಪರಸ್ಪರ ಸಂಬಂಧವೇ ಇಲ್ಲ ಎಂದು ಸೂತ್ರ ನಂಬುತ್ತದೆ, ಹಾಗಾಗಿ 0-0, 1-1ರಂಥ ಫಲಿತಾಂಶಕ್ಕೆ ಕಡಿಮೆ ತೂಕ ಕೊಡುತ್ತದೆ. 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಸೂಚಿಸಿದ ತಿದ್ದುಪಡಿ ಇದಕ್ಕೇ.

ಟಿ20ಯಲ್ಲಿ ಲೆಕ್ಕದ ಮೂಲಧನ ಬೇರೆ: ಉಳಿದ ಎಸೆತ, ಕೈಯಲ್ಲಿರುವ ವಿಕೆಟ್, ಬೇಕಾದ ರನ್. ರಾತ್ರಿ ಇಬ್ಬನಿ ಬಿದ್ದರೆ ಚೆಂಡು ಒದ್ದೆಯಾಗಿ ಸ್ಪಿನ್ನರ್‌ಗೆ ಹಿಡಿತ ಸಿಗುವುದಿಲ್ಲ, ಅದಕ್ಕೇ ಟಾಸ್ ಆದ ಕೂಡಲೇ ರೇಟು ಅಲುಗಾಡುತ್ತದೆ. ಪಂದ್ಯ ನಡೆಯುತ್ತಿರುವಾಗ ಟಿವಿ ನೋಡಿಕೊಂಡು ರೇಟು ಹಿಡಿಯುತ್ತೇನೆ ಎನ್ನುವವರು ಗಮನಿಸಬೇಕಾದ್ದು ಒಂದಿದೆ. ಪ್ರಸಾರ ಮೈದಾನಕ್ಕಿಂತ ಕೆಲವು ಸೆಕೆಂಡು ಹಿಂದಿರುತ್ತದೆ. ನಿಮಗೆ ವಿಕೆಟ್ ಕಾಣುವ ಹೊತ್ತಿಗೆ ರೇಟು ಬದಲಾಗಿ ಮುಗಿದಿರುತ್ತದೆ.

ರೇಟು ಬೆಲೆ ಎನ್ನುವುದಕ್ಕೆ 1981ರ ಹೆಡಿಂಗ್ಲಿ ಟೆಸ್ಟ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಫಾಲೋಆನ್ ಆದ ಇಂಗ್ಲೆಂಡ್ ಮೇಲೆ ಬ್ರಿಟನ್ನಿನ ಬೆಟ್ಟಿಂಗ್ ಕಂಪನಿ ಲ್ಯಾಡ್‌ಬ್ರೋಕ್ಸ್ 500-1 ಹಾಕಿತು, ಅಂದರೆ ಒಂದು ಪೌಂಡ್‌ಗೆ 500 ಗಳಿಕೆ. ಆ ರೇಟು ನಿಗದಿ ಮಾಡಿದ್ದು ಇಂಗ್ಲೆಂಡಿನ ಮಾಜಿ ವಿಕೆಟ್‌ಕೀಪರ್ ಗಾಡ್‌ಫ್ರೆ ಇವಾನ್ಸ್. ಮೊದಲಿನ ಭಾಗಾಕಾರದ ಪ್ರಕಾರ, ಕಟ್ಟಿದ ಒಂದೂ ಸೇರಿ ರೇಟು 501, ಸಾಧ್ಯತೆ ಶೇ 0.2, ಐನೂರೊಂದು ಸಲದಲ್ಲಿ ಒಮ್ಮೆ. ಎದುರಾಳಿ ಆಸ್ಟ್ರೇಲಿಯಾದ ಆಟಗಾರರಾದ ಲಿಲ್ಲಿ 10 ಪೌಂಡ್, ಮಾರ್ಷ್ 5 ಪೌಂಡ್ ಇಂಗ್ಲೆಂಡ್ ಮೇಲೇ ಕಟ್ಟಿದರು. ಬೋಥಮ್ ಅಜೇಯ 149 ಹೊಡೆದರು, 130 ಬೆನ್ನಟ್ಟಿದ ಆಸ್ಟ್ರೇಲಿಯಾ ವಿಲ್ಲಿಸ್‌ಗೆ 8 ವಿಕೆಟ್ ಕೊಟ್ಟು 111ಕ್ಕೆ ಕುಸಿಯಿತು. ಕಟ್ಟಿದ 15 ಪೌಂಡ್‌ಗೆ 7,500 ಪೌಂಡ್ ಗಳಿಕೆ. ಇಂದು ಆಟಗಾರರು ಹೀಗೆ ತಮ್ಮದೇ ಪಂದ್ಯದ ಮೇಲೆ ಹಣ ಹಾಕಿದರೆ ಐಸಿಸಿ ನಿಯಮದಡಿ ನಿಷೇಧ ಬೀಳುತ್ತದೆ. ಅಲ್ಲಿ 500-1 ನ್ಯಾಯವಾದ ಬೆಲೆಯಾಗಿತ್ತೇ ಎಂಬುದು ಆ ಒಂದು ಗೆಲುವಿನಿಂದ ತೀರ್ಮಾನವಾಗುವುದಿಲ್ಲ. ಅದೇ ಸ್ಥಿತಿಯ ನೂರಾರು ಟೆಸ್ಟ್ ನೋಡಿದರೆ ಮಾತ್ರ ಗೊತ್ತಾಗುತ್ತದೆ.

‘ಟಿಪ್ಸ್’ ಕೊಡುವ ಟೆಲಿಗ್ರಾಂ ಚಾನೆಲ್‌ಗಳು ಬೆಳೆಯುವುದು ಈ ಗೊಂದಲದಲ್ಲೇ. ಇದರಲ್ಲಿ ಕೈ ಸುಟ್ಟುಕೊಳ್ಳುವವರು ಹೆಚ್ಚಾಗಿ ಹುಡುಗರು ಎಂಬುದೇ ಸಂಕಟ. ತಂತ್ರ ಹಳೆಯದು. 1,024 ಜನರಲ್ಲಿ ಅರ್ಧಕ್ಕೆ ಒಂದು ತಂಡ, ಉಳಿದರ್ಧಕ್ಕೆ ಇನ್ನೊಂದು ತಂಡ ಗೆಲ್ಲುತ್ತದೆಂದು ಹೇಳುವುದು. ಸರಿ ಬಂದ 512 ಜನರನ್ನು ಮತ್ತೆ ಹೋಳು ಮಾಡುವುದು. ಐದು ಪಂದ್ಯ ಕಳೆದಾಗ 32 ಜನರ ಕಣ್ಣಲ್ಲಿ ಟಿಪ್ಸ್ ಕೊಟ್ಟವನು ಒಮ್ಮೆಯೂ ತಪ್ಪದ ಜ್ಯೋತಿಷಿ. ಆರನೇ ಪಂದ್ಯಕ್ಕೆ ಶುಲ್ಕ ಕೇಳುತ್ತಾನೆ. ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನ ಕಾನೂನು ಭಾರತದಲ್ಲಿ ನಿಷೇಧಿಸಿದೆ, ಆದರೂ ಇಂಥ ಸಂದೇಶಗಳು ನಿಂತಿಲ್ಲ.

ವಂಚನೆಯೇ ಇಲ್ಲದ ಪ್ರಾಮಾಣಿಕ ಮುನ್ಸೂಚಕನನ್ನು ಅಳೆಯುವುದೂ ಕಷ್ಟ. 1.90 ರೇಟಿನಲ್ಲಿ ಅಸಲು ಹುಟ್ಟಲು ಶೇ 52.63 ಸರಿ ಹೇಳಬೇಕು. 2025ರ ಐಪಿಎಲ್ ಸೀಸನ್‌ಗೆ 74 ಪಂದ್ಯ. ಅದರಲ್ಲಿ 42 ಸರಿ ಹೇಳಿದರೆ ಶೇ 56.8, ಕೇಳಲು ಅದ್ಭುತ. ನಾಣ್ಯ ಚಿಮ್ಮಿಸುತ್ತಾ ಕೂತರೂ ಸುಮಾರು ಏಳು ಜನರಲ್ಲಿ ಒಬ್ಬರಿಗೆ 42 ಅಥವಾ ಇನ್ನೂ ಹೆಚ್ಚು ಸರಿ ಬರುತ್ತದೆ.