‘ವಿಶಿಷ್ಟ’ವನ್ನು ‘ವಿಶಿಷ್ಠ’ ಮಾಡಿದ ಕಥೆ

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆಂದು ಸ್ಮರಣ ಸಂಚಿಕೆಯೊಂದನ್ನು ತರುವಾಗ, ಅದರ ಕರಡು ತಿದ್ದುವ ಕೆಲಸವನ್ನು ನಾನಾಗಿಯೇ ಕೇಳಿ ಪಡೆದುಕೊಂಡಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ದಿನಪತ್ರಿಕೆಯಲ್ಲಿ ತಪ್ಪು ಕಂಡರೆ ಮನೆಮಂದಿಗೆಲ್ಲ ತೋರಿಸುವವನು. ಆ ಕೆಲಸಕ್ಕೆ ನನಗಿಂತ ತಕ್ಕವರು ನಮ್ಮ ಬೀದಿಯಲ್ಲಿ ಇರಲಾರರೆಂದೇ ನಂಬಿದ್ದೆ. ಎರಡು ರಾತ್ರಿ ಕುಳಿತು, ಪುಟಗಳ ಅಂಚಿನ ತುಂಬ ಕೆಂಪು ಶಾಯಿಯ ಗುರುತು ಹಾಕಿ ಕೊಟ್ಟೆ. ಸಂಚಿಕೆ ಅಚ್ಚಾಗಿ ಬಂದ ವಾರದಲ್ಲೇ, ಅದಕ್ಕೆ ಲೇಖನ ಕೊಟ್ಟಿದ್ದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ತಮ್ಮ ಪ್ರತಿಯನ್ನು ಹಿಡಿದು ಮನೆಗೆ ಬಂದರು. ಅವರು ಬರೆದಿದ್ದ ‘ವಿಶಿಷ್ಟ’ವೆಲ್ಲ ‘ವಿಶಿಷ್ಠ’ವಾಗಿತ್ತು, ‘ಉಚ್ಚಾರಣೆ’ ‘ಉಚ್ಛಾರಣೆ’ಯಾಗಿತ್ತು. ಅಚ್ಚಿನ ಮನೆಯವರ ಅಜಾಗರೂಕತೆ ಇರಬೇಕೆಂದು ಅವರು ಭಾವಿಸಿದ್ದರು. ಸರಿಯಾಗಿದ್ದುದನ್ನು ಹುಡುಕಿ ಹುಡುಕಿ ಕೆಡಿಸಿದವನು ನಾನೆಂದು ಒಪ್ಪಿಕೊಳ್ಳಬೇಕಾಯಿತು.

ಮೇಷ್ಟ್ರು ಸಿಟ್ಟಾಗಲಿಲ್ಲ. ಗರಿಷ್ಠ, ಕನಿಷ್ಠ, ಶ್ರೇಷ್ಠ ಎಂಬಲ್ಲಿ ‘ಎಲ್ಲಕ್ಕಿಂತ ಹೆಚ್ಚು’ ಎಂಬರ್ಥ ಕೊಡುವ ‘ಇಷ್ಠ’ ಪ್ರತ್ಯಯವಿದೆ, ಆದ್ದರಿಂದ ಮಹಾಪ್ರಾಣ. ವಿಶಿಷ್ಟ, ಸ್ಪಷ್ಟ, ಉತ್ಕೃಷ್ಟ ಎಂಬಲ್ಲಿ ಧಾತುವಿಗೆ ಹತ್ತಿದ ‘ತ’ಕಾರವು ಷಕಾರದ ಪಕ್ಕದಲ್ಲಿ ‘ಟ’ ಆಗಿದೆ, ಅಲ್ಲಿ ಮಹಾಪ್ರಾಣಕ್ಕೆ ಜಾಗವೇ ಇಲ್ಲ ಎಂದು ಚಹಾ ಆರುವುದರೊಳಗೆ ವಿವರಿಸಿದರು. ತಪ್ಪು ಮಾಡಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಆ ಕೆಂಪು ಗುರುತುಗಳನ್ನು ಹಾಕುವಾಗ ಎಳ್ಳಷ್ಟೂ ಅನುಮಾನ ಬರಲಿಲ್ಲವಲ್ಲ ಎಂಬುದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಸಂಶೋಧನಾ ಪ್ರಬಂಧವನ್ನು ನಾನು ಆಮೇಲೆ ಓದಿದ್ದು. ಮುಖಕ್ಕೆ ನಿಂಬೆರಸ ಬಳಿದುಕೊಂಡರೆ ಕ್ಯಾಮೆರಾಗೆ ಕಾಣಿಸುವುದಿಲ್ಲವೆಂದು ನಂಬಿ 1995ರಲ್ಲಿ ಪಿಟ್ಸ್‌ಬರ್ಗ್‌ನ ಎರಡು ಬ್ಯಾಂಕುಗಳನ್ನು ದೋಚಿದವನ ಪ್ರಸಂಗದಿಂದ ಅದು ಆರಂಭವಾಗುತ್ತದೆ. ಎಲ್ಲರೂ ಹೇಳುವುದು ಆ ಕಥೆಯನ್ನೇ, ಆದರೆ ನನ್ನ ಮಟ್ಟಿಗೆ ಅದು ದಾರಿ ತಪ್ಪಿಸುವ ಕಥೆ, ಏಕೆಂದರೆ ಅದನ್ನು ಕೇಳಿದವರು ಇದು ಯಾರೋ ಪೆದ್ದನ ವಿಚಾರವೆಂದು ನಕ್ಕು ಮುಂದೆ ಹೋಗುತ್ತಾರೆ. ಪ್ರಬಂಧದ ತಿರುಳು ಇರುವುದು ವಿದ್ಯಾರ್ಥಿಗಳ ಮೇಲೆ ಹಾಸ್ಯಪ್ರಜ್ಞೆ, ತರ್ಕ ಮತ್ತು ಇಂಗ್ಲಿಷ್ ವ್ಯಾಕರಣದಲ್ಲಿ ನಡೆಸಿದ ಪರೀಕ್ಷೆಗಳಲ್ಲಿ. ಕೊನೆಯ ಕಾಲು ಭಾಗದಲ್ಲಿ ಬಂದವರು, ನೂರು ಜನರ ಸಾಲಿನಲ್ಲಿ ಕೆಳಗಿನಿಂದ ಸುಮಾರು 12ನೆಯ ಜಾಗದಲ್ಲಿ ನಿಲ್ಲಬೇಕಾದವರು, ತಾವು 62ರ ಹತ್ತಿರ ಇದ್ದೇವೆಂದು ಅಂದಾಜು ಮಾಡಿದ್ದರು.

ವ್ಯಾಕರಣದ ಪರೀಕ್ಷೆಗೆ ಎರಡನೆಯ ಹಂತವೊಂದಿತ್ತು, ಅದನ್ನು ಓದುವಾಗ ನನಗೆ ಮೇಷ್ಟ್ರ ಮುಖ ನೆನಪಾಯಿತು. ಕೆಲವು ವಾರಗಳ ನಂತರ ಮೇಲಿನವರನ್ನೂ ಕೆಳಗಿನವರನ್ನೂ ಮತ್ತೆ ಕರೆಸಿ, ಬೇರೆಯವರ ಉತ್ತರಪತ್ರಿಕೆಗಳನ್ನು ತಿದ್ದಲು ಕೊಟ್ಟರು. ಚೆನ್ನಾಗಿ ಬಲ್ಲವರು ಇತರರ ತಪ್ಪುಗಳನ್ನು ಕಂಡು, ‘ಎಲ್ಲರಿಗೂ ಇದು ಗೊತ್ತಿರುತ್ತದೆ’ ಎಂದುಕೊಂಡಿದ್ದ ತಮ್ಮ ಭಾವನೆಯನ್ನು ಬದಲಿಸಿ, ತಮ್ಮ ಅಂದಾಜನ್ನು ಮೇಲಕ್ಕೇರಿಸಿಕೊಂಡರು. ಅರಿಯದವರು ತಮಗಿಂತ ಒಳ್ಳೆಯ ಉತ್ತರಗಳನ್ನು ಕೈಯಲ್ಲೇ ಹಿಡಿದಿದ್ದರೂ ತಮ್ಮ ಅಂದಾಜನ್ನು ಇಳಿಸಿಕೊಳ್ಳಲಿಲ್ಲ, ಏಕೆಂದರೆ ಅವು ಒಳ್ಳೆಯವೆಂದು ಗುರುತಿಸಲು ಬೇಕಾದ ವ್ಯಾಕರಣಜ್ಞಾನವೇ ಅವರಲ್ಲಿರಲಿಲ್ಲ. ಮೇಷ್ಟ್ರ ಹಸ್ತಪ್ರತಿಯಲ್ಲಿ ‘ವಿಶಿಷ್ಟ’ ಎಂಬುದು ಹತ್ತಾರು ಸಲ ನನ್ನ ಕಣ್ಣಿಗೆ ಬಿದ್ದಿತ್ತು, ಬಿದ್ದಾಗಲೆಲ್ಲ ‘ಪಾಪ, ವಯಸ್ಸಾಗಿದೆ’ ಎಂದುಕೊಂಡಿದ್ದೆ.

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಾವು ನೆವ ಹೇಳುವವರನ್ನು ಹಂಗಿಸಲು ಬಳಸುತ್ತೇವೆ. ತನಗೆ ಬಾರದೆಂದು ಅವಳಿಗೆ ಗೊತ್ತು, ಮುಚ್ಚಿಟ್ಟುಕೊಳ್ಳುತ್ತಿದ್ದಾಳೆ ಎಂಬುದು ಅದರೊಳಗಿನ ಆರೋಪ. ಆದರೆ ಅವಳಿಗೆ ನೆಲವು ನಿಜವಾಗಿಯೂ ಡೊಂಕಾಗಿಯೇ ಕಂಡಿರಬಹುದಲ್ಲ? ತಾಳ ತಪ್ಪಿದ್ದು ತಿಳಿಯಬೇಕಾದರೆ ತಾಳಜ್ಞಾನ ಬೇಕು, ಅದಿದ್ದಿದ್ದರೆ ಅವಳ ಹೆಜ್ಜೆ ತಪ್ಪುತ್ತಲೇ ಇರಲಿಲ್ಲ.

ಬಾರದವರಿಗೆ ತಮಗೆ ಬಾರದೆಂಬುದೂ ತಿಳಿಯದು ಎಂಬ ಈ ವಾದಕ್ಕೆ ‘ಡನಿಂಗ್-ಕ್ರೂಗರ್ ಪರಿಣಾಮ’ ಎಂಬ ಹೆಸರಿದೆ, ಆದರೆ ಎಲ್ಲರೂ ಅದನ್ನು ಒಪ್ಪಿದ್ದಾರೆಂದು ಹೇಳಲಾಗದು. ಬಹುಪಾಲು ಜನ ತಮ್ಮನ್ನು ಸರಾಸರಿಗಿಂತ ತುಸು ಮೇಲೆಂದು ಭಾವಿಸುವುದರಿಂದಲೂ, ಪರೀಕ್ಷೆಯ ಅಂಕಗಳಲ್ಲಿ ಅದೃಷ್ಟದ ಪಾಲು ಇರುವುದರಿಂದಲೂ ಅಂಕಕ್ಕೂ ಅಂದಾಜಿಗೂ ನಡುವೆ ಇಂಥದೇ ಅಂತರ ತಾನಾಗಿಯೇ ಮೂಡುತ್ತದೆ ಎಂಬ ಆಕ್ಷೇಪ ಹಳೆಯದು. 2020ರಲ್ಲಿ ಗಿಗ್ನ್ಯಾಕ್ ಮತ್ತು ಜಾಯೆಂಕೋವ್ಸ್ಕಿ ಎಂಬ ಸಂಶೋಧಕರು 900ಕ್ಕೂ ಹೆಚ್ಚು ಜನರ ಬುದ್ಧಿಮತ್ತೆಯ ಅಂಕಗಳನ್ನು ಬೇರೆ ಬಗೆಯ ಲೆಕ್ಕಾಚಾರದಿಂದ ಪರಿಶೀಲಿಸಿದಾಗ ಈ ಪರಿಣಾಮಕ್ಕೆ ಹೆಚ್ಚಿನ ಆಧಾರ ಸಿಗಲಿಲ್ಲ. ನನಗೆ ಆ ಆಕ್ಷೇಪ ತೂಕದ್ದೆನಿಸುತ್ತದೆ. ಆದರೂ ಲೆಕ್ಕದ ಜಗಳದಿಂದ ಅಳಿಸಲಾಗದ ಒಂದು ಅಂಶ ಮೂಲ ಪ್ರಬಂಧದ ನಾಲ್ಕನೆಯ ಅಧ್ಯಯನದಲ್ಲಿದೆ. ತರ್ಕದ ಸಮಸ್ಯೆಗಳಲ್ಲಿ ಸೋತವರಿಗೆ ಅಂಥ ಸಮಸ್ಯೆ ಬಿಡಿಸುವ ಕ್ರಮವನ್ನು ಸ್ವಲ್ಪ ಹೊತ್ತು ಕಲಿಸಿ, ತಮ್ಮದೇ ಹಳೆಯ ಉತ್ತರಗಳನ್ನು ಮತ್ತೆ ನೋಡಿಸಿದಾಗ, ಅವರೇ ತಮ್ಮ ಅಂದಾಜನ್ನು ಇಳಿಸಿಕೊಂಡರು. ಚಹಾ ಆರುವುದರೊಳಗೆ ನನಗಾದದ್ದೂ ಅದೇ.

ಅಂತರ್ಜಾಲದಲ್ಲಿ ಓಡಾಡುವ, ಅಲ್ಪಜ್ಞಾನಿಯ ಆತ್ಮವಿಶ್ವಾಸವೇ ಎಲ್ಲರಿಗಿಂತ ಹೆಚ್ಚೆಂದು ಅವನನ್ನು ಬೆಟ್ಟದ ತುದಿಯಲ್ಲಿ ಕೂರಿಸುವ ರೇಖಾಚಿತ್ರ ಮಾತ್ರ ಪ್ರಬಂಧದಲ್ಲಿಲ್ಲ. ಅರಿಯದವರು ಬಲ್ಲವರಿಗಿಂತ ತಾವೇ ಮೇಲೆಂದು ಅಲ್ಲಿ ಹೇಳಿಲ್ಲ. ಇರಬೇಕಾದ ಅಂತರಕ್ಕಿಂತ ತೀರ ಕಡಿಮೆ ಅಂತರವನ್ನು ಕಂಡಿದ್ದಾರೆ, ಅಷ್ಟೆ.

ಸಂಘದವರು ದೊಡ್ಡ ಮನಸ್ಸಿನಿಂದ ಮರುವರ್ಷವೂ ಕರಡು ನನಗೇ ಕೊಟ್ಟರು. ಈ ಸಲ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೆ, ಅನುಮಾನ ಬಂದ ಪದಗಳನ್ನೆಲ್ಲ ತೆರೆದು ನೋಡಿದೆ. ಅಚ್ಚಿಗೆ ಹೋಗುವ ಮೊದಲು ಮೇಷ್ಟ್ರು ಒಮ್ಮೆ ಕಣ್ಣಾಡಿಸಿ ನಾಲ್ಕು ತಪ್ಪುಗಳನ್ನು ಗುರುತು ಮಾಡಿದರು. ಆ ನಾಲ್ಕರಲ್ಲಿ ಒಂದನ್ನೂ ನಾನು ನಿಘಂಟಿನಲ್ಲಿ ನೋಡಿರಲಿಲ್ಲ, ನೋಡಬೇಕೆಂದು ಅನ್ನಿಸಿರಲೂ ಇಲ್ಲ.