ಜೋಡಿ ಗೂಡಿನ ಪಲ್ಯ

ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ರೇಷ್ಮೆ ಗೂಡು ಆರಿಸುವ ಕೆಲಸ. ಕಲೆಯಾದದ್ದು ಒಂದು ಕಡೆ, ತೆಳು ಗೂಡು ಒಂದು ಕಡೆ, ಜೋಡಿ ಗೂಡು ಇನ್ನೊಂದು ಕಡೆ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದರೆ ಎಳೆ ಸಿಕ್ಕಾಗುತ್ತದೆ, ನೂಲು ಸರಿಯಾಗಿ ಬಿಚ್ಚುವುದಿಲ್ಲ, ಬೆಲೆಯೂ ಇಲ್ಲ. ಈ ಬೆಳೆಯಲ್ಲಿ ಆ ಜೋಡಿ ಗೂಡನ್ನು ನಾನು ಮಾರಲಿಲ್ಲ. ಒಳಗಿನ ಪ್ಯೂಪಾ, ಅಂದರೆ ಚಿಟ್ಟೆಯಾಗುವ ಮುಂಚೆ ಗೂಡಲ್ಲಿ ಮಲಗಿರುವ ಹುಳು, ತೆಗೆದು ಪಲ್ಯ ಮಾಡಿದೆ.

ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಕ್ ಅನ್ನಬೇಕು. ಅಂಥದ್ದನ್ನು ಬ್ಲೇಡಿನಲ್ಲಿ ಒಂದು ತುದಿ ಕುಯ್ದು ಬಗ್ಗಿಸಿದೆ. ಅಂಗೈಗೆ ಎರಡು ಬಿದ್ದವು. ಹುಣಸೆ ಬೀಜದ ಬಣ್ಣ, ಮುಟ್ಟಿದರೆ ಬಾಲದ ಕಡೆ ಮೆಲ್ಲಗೆ ತಿರುಗುತ್ತದೆ. ತೊಳೆದು, ಉಪ್ಪು ಅರಿಶಿನದ ನೀರಲ್ಲಿ ಕುದಿಸಿ, ಬಸಿದು, ಈರುಳ್ಳಿ ಬೆಳ್ಳುಳ್ಳಿ ಖಾರದ ಪುಡಿ ಹಾಕಿ ಸಿಪ್ಪೆ ಗರಿಗರಿಯಾಗುವವರೆಗೆ ಬಾಡಿಸಿದೆ. ಒಳಗೆ ಬೇಯಿಸಿದ ಮೊಟ್ಟೆಯ ಹಳದಿಯ ಹಾಗೆ ಮೆತ್ತಗೆ, ರುಚಿ ಹುರಿದ ಕಡಲೇಕಾಯಿಗೆ ಹತ್ತಿರ.

ನಮ್ಮತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ. ತಟ್ಟೆ ನೋಡಿ, "ನಾವು ಈಸಲು ಹುಳ ತಿಂದವರಲ್ಲವೇನಮ್ಮಾ" ಅಂದರು. ಈಸಲು ಅಂದರೆ ರೆಕ್ಕೆ ಬಂದ ಗೆದ್ದಲು. ಮಳೆ ಬಿದ್ದ ಸಂಜೆ ಹುತ್ತದ ಹತ್ತಿರ ದೀಪ ಇಟ್ಟು, ಪಕ್ಕದಲ್ಲಿ ನೀರಿನ ಪಾತ್ರೆ ಇಡುತ್ತಿದ್ದರಂತೆ. ಬಿದ್ದವನ್ನು ಹುರಿದು, ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ, ಪುರಿಗೆ ಬೆರೆಸಿ ಮಕ್ಕಳ ಲಂಗಕ್ಕೆ ಹಾಕುತ್ತಿದ್ದರಂತೆ. ಹೇಳುತ್ತಲೇ ನಾಲ್ಕು ಬಾಯಿಗೆ ಹಾಕಿಕೊಂಡರು.

ಹುಳು ಸಾಕಿ ತಿನ್ನುವ ಮಾತು ಬಂದರೆ ಎಲ್ಲರೂ ರಾತ್ರಿ ಕಿರ್ರೆನ್ನುವ ಜೀರುಂಡೆ ಸಾಕಣೆಯ ಶೆಡ್ಡುಗಳ ಬಗ್ಗೆ ಹೇಳುತ್ತಾರೆ. ಥಾಯ್ಲೆಂಡಿನಲ್ಲಿ ಅದು ದೊಡ್ಡ ಕಸುಬು, ಒಳ್ಳೆಯದೇ. ಆದರೆ ನಮ್ಮ ತಾಲ್ಲೂಕಿನಲ್ಲಿ ಹುಳು ಮನೆ ಆಗಲೇ ಇದೆ, ಹಿಪ್ಪುನೇರಳೆ ತೋಟ ಇದೆ, ಕೈಗೆ ಅಭ್ಯಾಸವೂ ಇದೆ. ನೂರು ಮೊಟ್ಟೆ (ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು) ಮೇಯಿಸಿ 70 ಕೆಜಿ ಗೂಡು ತೆಗೆದರೆ ಅದರಲ್ಲಿ 50 ಕೆಜಿಗೂ ಹೆಚ್ಚು ಪ್ಯೂಪಾದ ತೂಕವೇ. ಒಣಗಿಸಿದರೆ ಅರ್ಧದಷ್ಟು ಪ್ರೋಟೀನ್. ಇದಕ್ಕೆ ಹೊಸ ಜಮೀನು ಬೇಡ, ಬೇರೆ ನೀರು ಬೇಡ. ಸೊಪ್ಪಿಗೆ ಬಿಟ್ಟ ಬೋರ್‌ವೆಲ್ ನೀರೇ ಎರಡು ಫಸಲು ಕೊಟ್ಟ ಹಾಗೆ. ಸಾವಿರ ಅಡಿಗಿಂತ ಕೆಳಕ್ಕೆ ಕೊರೆಸಿ ನೀರು ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕೊರಿಯಾದಲ್ಲಿ ಇದೇ ರೇಷ್ಮೆ ಪ್ಯೂಪಾವನ್ನು ಬೇಯಿಸಿ ಬೀದಿಯಲ್ಲಿ ಮಾರುತ್ತಾರೆ, ಡಬ್ಬಿಯಲ್ಲೂ ಸಿಗುತ್ತದೆ. ಅಸ್ಸಾಮಿನಲ್ಲಿ ಹರಳು ಸೊಪ್ಪು ತಿಂದು ಬೆಳೆಯುವ ಎರಿ ಹುಳುವನ್ನು ನೂಲಿಗೆ ಎಷ್ಟೋ ಊಟಕ್ಕೂ ಅಷ್ಟೇ ಸಾಕುತ್ತಾರೆ. 2024ರಲ್ಲಿ ಸಿಂಗಾಪುರ ಆಹಾರವಾಗಿ ಒಪ್ಪಿದ 16 ಬಗೆಯ ಕೀಟಗಳಲ್ಲಿ ರೇಷ್ಮೆ ಹುಳುವೂ ಸೇರಿದೆ. ಸ್ನಾನ ಮಾಡದೆ ಹುಳು ಮನೆಗೆ ಕಾಲಿಡಬಾರದು ಅನ್ನುವವರು ನಾವು. ಅಷ್ಟು ಮಡಿಯಲ್ಲಿ, ಬರೀ ಸೊಪ್ಪು ತಿಂದು ಬೆಳೆದ ಜೀವವನ್ನು ಕೊಳಕು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಕೊಳಕಾಗುವುದು ಆಮೇಲೆ. ಹೋದ ವರ್ಷ ನೂಲು ಬಿಚ್ಚುವ ಒಂದು ರೀಲಿಂಗ್ ಘಟಕದಿಂದ ಒಂದು ಚೀಲ ಪ್ಯೂಪಾ ತಂದಿದ್ದೆ. ಅದೇ ನೀರಲ್ಲಿ ಗೂಡಿನ ಮೇಲೆ ಗೂಡು ಬೇಯಿಸಿ, ಒದ್ದೆಯಾಗಿಯೇ ಬಿಸಿಲಿಗೆ ಗುಡ್ಡೆ ಹಾಕಿದ್ದರು. ಮನೆಗೆ ಬಂದು ಚೀಲ ಬಿಚ್ಚಿದರೆ ವಾಸನೆಗೆ ಹಟ್ಟಿಯ ನಾಯಿಯೂ ಹತ್ತಿರ ಬರಲಿಲ್ಲ. ಪ್ಯೂಪಾದಲ್ಲಿ ಎಣ್ಣೆ ಅಂಶ ಜಾಸ್ತಿ, ಬೇಗ ಕಮಟಾಗುತ್ತದೆ. ಅದನ್ನು ತಿಪ್ಪೆಗೆ ಸುರಿದೆ. ಈಗ ಗೂಡು ಬೇಯಿಸುವ ಬೇಸಿನ್‌ನಿಂದ ಬರುವುದನ್ನು ಹಾಗೇ ಯಾರೂ ತಿನ್ನಬಾರದು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಸೊಪ್ಪಿಗೆ ಔಷಧಿ ಹೊಡೆದ ತೋಟದ್ದೂ ಬೇಡ, ರೋಗ ಬಂದ ಬೆಳೆಯದ್ದೂ ಬೇಡ.

ನನ್ನ ಚಿಕ್ಕ ಮಗನಿಗೆ ಮಾತ್ರ ಪಲ್ಯ ಕೊಡಲಿಲ್ಲ. ಅವನಿಗೆ ಸಿಗಡಿ ತಿಂದರೆ ಮೈಯೆಲ್ಲಾ ದದ್ದು ಏಳುತ್ತದೆ. ಸಿಗಡಿ ಒಗ್ಗದವರಿಗೆ ಕೀಟವೂ ಒಗ್ಗದೇ ಹೋಗಬಹುದು. ಅತ್ತು ರಂಪ ಮಾಡಿದ, ಮೊಟ್ಟೆ ಹಾಕಿಕೊಟ್ಟೆ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಣ್ಣ ರೀಲಿಂಗ್ ಘಟಕ ಇದೆ. ಮುಂದಿನ ಬೆಳೆಯಲ್ಲಿ ಬೆಳಗಿನ ಮೊದಲ ಬೇಸಿನ್‌ಗೆ ಹೊಸ ನೀರು ಹಾಕಿ, ನಮ್ಮ ತೋಟದ ಗೂಡನ್ನೇ ಬೇಯಿಸಿ, ಪ್ಯೂಪಾ ಬಿದ್ದ ತಕ್ಷಣ ನನಗೆ ಕೊಡಲು ಅಲ್ಲಿಯವರು ಒಪ್ಪಿದ್ದಾರೆ. ಒಣಗಿಸಲು ತಗಡಿನ ತಟ್ಟೆ ಮಾಡಿಸಿದ್ದೇನೆ. ಹುಳು ಈಗ ಮೂರನೇ ಜ್ವರದಲ್ಲಿದೆ, ಅಂದರೆ ಮೂರನೇ ಸಲ ಪೊರೆ ಬಿಡುತ್ತಿದೆ.